ಬಾಡಿಗೆ ಕರಾರು ಓದಿದ್ದೀರಾ?

ಕಳೆದ ತಿಂಗಳು ನಮ್ಮೂರ ಕಡೆಯವರೊಬ್ಬರು ಬಾಡಿಗೆ ಕರಾರಿನ ಕಾಗದ ಹಿಡಿದುಕೊಂಡು ನನ್ನ ರೂಮಿಗೆ ಬಂದಿದ್ದರು. ಹದಿನೆಂಟು ವರ್ಷದ ಗಲ್ಫ್ ದುಡಿಮೆ, ಜೊತೆಗೆ ಹೆಂಡತಿಯ ಚಿನ್ನ. ಊರಿನ ಹೊಸ ಮಾಲ್‌ನಲ್ಲಿ ಬಟ್ಟೆ ಅಂಗಡಿ ಹಾಕುವ ಆಸೆ. "ನೀವೊಮ್ಮೆ ಲೆಕ್ಕ ನೋಡಿ" ಅಂದರು. ನನಗೆ ನೆನಪಾದದ್ದು ನ್ಯೂಯಾರ್ಕಿನ 'ಬಾರ್ನೀಸ್'.

ಅದೂ ಶುರುವಾದದ್ದು ಹೆಂಡತಿಯ ಒಡವೆಯಿಂದಲೇ. 1923ರಲ್ಲಿ ಬಾರ್ನಿ ಪ್ರೆಸ್‌ಮನ್ ಹೆಂಡತಿಯ ನಿಶ್ಚಿತಾರ್ಥದ ಉಂಗುರವನ್ನು ಅಡವಿಟ್ಟು, ಮ್ಯಾನ್‌ಹಟನ್‌ನ 17ನೇ ಬೀದಿಯಲ್ಲಿ ಸಣ್ಣ ಅಂಗಡಿ ಹಿಡಿದರು. ಒಳ್ಳೆಯ ಸೂಟು, ಕಮ್ಮಿ ರೇಟು. ಅಷ್ಟೇ ಅವರ ಗುಟ್ಟು. ಮಗ ಫ್ರೆಡ್ ಕಾಲದಲ್ಲಿ ಅಂಗಡಿಯ ವರಸೆಯೇ ಬದಲಾಯಿತು. 1976ರ ಹೊತ್ತಿಗೆ ಇಟಲಿಯ ಅರ್ಮಾನಿ ಬಟ್ಟೆ ಅಮೆರಿಕದವರಿಗೆ ಅಲ್ಲಿ ಸಿಗತೊಡಗಿತು. ಶ್ರೀಮಂತರು ಬಂದರು, ಸಿನೆಮಾದವರು ಬಂದರು.

ಆಮೇಲೆ ದೊಡ್ಡದಾಗುವ ಹುಚ್ಚು. ಜಪಾನಿನ ಇಸೆತಾನ್ ಕಂಪೆನಿಯ ದುಡ್ಡು ಹಾಕಿಸಿ 1993ರಲ್ಲಿ ಮ್ಯಾಡಿಸನ್ ಅವೆನ್ಯೂವಿನಲ್ಲಿ ಭಾರೀ ಮಳಿಗೆ ತೆರೆದರು. ಮೂರೇ ವರ್ಷಕ್ಕೆ, 1996ರಲ್ಲಿ, ದಿವಾಳಿ ಅರ್ಜಿ! ಹೇಗೋ ಎದ್ದು ನಿಂತರು, ಕೈಯಿಂದ ಕೈಗೆ ಮಾರಾಟವಾದರು. 2019ರ ಆಗಸ್ಟಿನಲ್ಲಿ ಮತ್ತೆ ದಿವಾಳಿ, 2020ರ ಫೆಬ್ರವರಿಯಲ್ಲಿ ಬಾಗಿಲು ಬಂದ್.

ಆನ್‌ಲೈನ್ ಬಂದದ್ದರಿಂದ ಮುಳುಗಿತು ಅನ್ನುತ್ತಾರೆ. ಸುಳ್ಳಲ್ಲ. ಆದರೆ ಲೆಕ್ಕ ಬರೆಯುವ ನನ್ನ ಕಣ್ಣು ಹೋಗುವುದು ಬಾಡಿಗೆಯ ಸಾಲಿಗೆ. ಆ ಒಂದೇ ಮಳಿಗೆಯ ವಾರ್ಷಿಕ ಬಾಡಿಗೆ ಸುಮಾರು 1.6 ಕೋಟಿ ಡಾಲರಿನಿಂದ ಒಮ್ಮೆಲೇ 3 ಕೋಟಿಯ ಹತ್ತಿರಕ್ಕೆ ಏರಿತು. ಅಂದರೆ ದಿನಕ್ಕೆ ಹತ್ತಿರಹತ್ತಿರ 80 ಸಾವಿರ ಡಾಲರ್, ಗಿರಾಕಿ ಬರಲಿ, ಬಾರದಿರಲಿ. ಸರಕು ಉಳಿದರೆ ರೇಟು ಇಳಿಸಿ ಮಾರಬಹುದು ಮಾರಾಯ್ರೆ, ಬಾಡಿಗೆಯನ್ನು ಏನು ಮಾಡುತ್ತೀರಿ?

ನಮ್ಮವರು ಗ್ಲಾಸ್, ಲೈಟು, ಉದ್ಘಾಟನೆಗೆ ಬರುವ ಗಣ್ಯರ ಪಟ್ಟಿ ಎಲ್ಲ ಮೊದಲೇ ಮಾಡಿಡುತ್ತಾರೆ. ಕರಾರಿನ ಎರಡನೇ ಪುಟ ಮಾತ್ರ ಯಾರೂ ತಿರುಗಿಸುವುದಿಲ್ಲ. ಮಾಲ್ ಬೇಡ ಅನ್ನುವವನಲ್ಲ ನಾನು. ಮೊದಲ ಎರಡು ವರ್ಷ ಪೇಟೆಯ ಸಣ್ಣ ಅಂಗಡಿಯಲ್ಲಿ ಗಿರಾಕಿ ಹಿಡಿದು, ಆಮೇಲೆ ಅಲ್ಲಿಗೆ ಹೋಗಲಿ ಎಂಬುದು ನನ್ನ ವಾದ. ಚಿನ್ನವಂತೂ ಈಗಲೇ ಬ್ಯಾಂಕಿಗೆ ಹೋಗುವುದು ಬೇಡ.

ಆ ಮಿತ್ರರ ಕರಾರಿನಲ್ಲಿ "ಮೂರು ವರ್ಷದ ನಂತರ ಮಾಲಕರು ನಿರ್ಧರಿಸಿದ ಬಾಡಿಗೆ" ಎಂದಿತ್ತು. ಶೇಕಡಾ ಎಷ್ಟು ಎಂದು ಬರೆದುಕೊಡಲು ಕೇಳಿ ಎಂದು ಹೇಳಿ ಕಳಿಸಿದೆ. ಮಾಲಕರ ಉತ್ತರ ಇನ್ನೂ ಬಂದಿಲ್ಲ. ಚಿನ್ನ ಸದ್ಯ ಮನೆಯಲ್ಲೇ ಉಂಟು.