ಬಯಲಿನ ಸನ್ನದು, ಊರಿನ ಸಮ್ಮತಿ

ಸಖರಾಯಪಟ್ಟಣವು ಕಡೂರು–ಚಿಕ್ಕಮಗಳೂರು ಹೆದ್ದಾರಿಯ ಮೇಲಿರುವ ಊರು. ಶಕುನಗಿರಿಯ ತಪ್ಪಲಿನ ಅಯ್ಯನಕೆರೆ ಇಲ್ಲಿಗೆ ಸಮೀಪ. ಆ ಕೆರೆಯ ನೀರು ರೈತರಿಗೆ ಆಧಾರ. ಅದರ ಚೆಲುವು ಪ್ರವಾಸಿಗಳಿಗೆ ಆಕರ್ಷಣೆ. ಇಂತಹ ಸ್ಥಳದ ಬಯಲಿನಲ್ಲಿ ಶಾಮಿಯಾನ ಹಾಕಿ ಮದ್ಯವನ್ನು ಒದಗಿಸಲು ಅಪ್ಪಣೆ ಬೇಡಿ ಅರ್ಜಿ ಬಂದರೆ ಅಧಿಕಾರಿಗಳು ಅದನ್ನು ಹೇಗೆ ವಿಚಾರಿಸತಕ್ಕದ್ದು?

ಅರ್ಜಿದಾರನು ಅಪರಾಧಿಯಲ್ಲ. 1968ರ ಅಬಕಾರಿ ನಿಯಮಗಳಲ್ಲಿ ಸಿ.ಎಲ್.5 ಎಂಬ ಸಾಂದರ್ಭಿಕ ಸನ್ನದಿಗೆ ಎಡೆಯುಂಟು. ಬೇಲಿಯ ಮರೆಯಲ್ಲಿ ಕದ್ದು ಮಾರುವವನಿಗಿಂತ ಶುಲ್ಕ ತೆತ್ತು ಅಪ್ಪಣೆ ಕೇಳುವವನು ಮೇಲು. ಅಬಕಾರಿಯ ಹುಟ್ಟುವಳಿಯಿಂದ ಸರಕಾರದ ಬೊಕ್ಕಸ ತುಂಬುತ್ತದೆಂಬುದನ್ನೂ ನಾವು ಬಲ್ಲೆವು. ನಮ್ಮ ಆಕ್ಷೇಪಣೆ ಬೇರೆಯದು. ಈ ವ್ಯವಹಾರದಲ್ಲಿ ಕೇಳುವವನಿಗೆ ಸ್ಥಾನವುಂಟು, ಕೊಡುವವರಿಗೆ ಸ್ಥಾನವುಂಟು. ಪಕ್ಕದ ಮನೆಯವರ ಸಮ್ಮತಿ ಮಾತ್ರ ಕಡ್ಡಾಯವಲ್ಲ.

ನಾಲ್ಕು ಗೋಡೆಗಳೊಳಗಿನ ಕುಡಿತಕ್ಕೆ ಬಾಗಿಲೊಂದಿದೆ, ಬಯಲಿಗೆ ಬಾಗಿಲಿಲ್ಲ. 1965ರ ಅಬಕಾರಿ ಕಾಯಿದೆಯ 15(ಎ) ಕಲಮು ಸಾರ್ವಜನಿಕ ಸ್ಥಳದಲ್ಲಿ ಮದ್ಯಪಾನವನ್ನು ನಿಷೇಧಿಸಿದೆ. ಹೀಗಿರುವಾಗ ಶಾಮಿಯಾನದ ಹಗ್ಗದ ಈಚೆಗೆ ಕುಡಿದವನು ಹಕ್ಕುದಾರ, ಆಚೆಗೆ ಕುಡಿದವನು ತಪ್ಪಿತಸ್ಥ. ನಡುರಾತ್ರಿಯಲ್ಲಿ ಆ ಹಗ್ಗವನ್ನು ಕಾಯುವವರು ಯಾರು? ಮದ್ಯದಂಗಡಿಯು ಶಾಲೆ, ದೇವಾಲಯ, ಆಸ್ಪತ್ರೆಗಳಿಂದ 100 ಮೀಟರು ದೂರವಿರಬೇಕೆಂಬ ನಿಯಮವುಂಟಷ್ಟೆ. ಕಟ್ಟಡದ ದೂರವನ್ನು ಅಳೆಯಬಹುದು. ಬಯಲಿನ ಗದ್ದಲವು ಅಳತೆಯ ಪಟ್ಟಿಗೆ ಸಿಕ್ಕುವುದಿಲ್ಲ.

ಊರವರ ಅಭಿಪ್ರಾಯವನ್ನು ಕೇಳುವುದು ಅಸಾಧ್ಯವೇನಲ್ಲ. ಮಹಾರಾಷ್ಟ್ರದಲ್ಲಿ ಹಳ್ಳಿಯ ಹೆಂಗಸರು ಬಹುಮತದಿಂದ ಮದ್ಯದಂಗಡಿಯನ್ನು ಮುಚ್ಚಿಸಬಹುದೆಂಬ ಏರ್ಪಾಡಿದೆ. ನಮ್ಮ ನೆರೆಯ ಚಿತ್ರದುರ್ಗದಿಂದ 2019ರ ಜನವರಿಯಲ್ಲಿ ಸಾವಿರಾರು ಮಹಿಳೆಯರು ಮದ್ಯನಿಷೇಧವನ್ನು ಕೋರಿ ಬೆಂಗಳೂರಿಗೆ ಕಾಲ್ನಡೆಯಲ್ಲಿ ಹೊರಟರು. ಕುಡಿತದ ಬೆಲೆಯನ್ನು ಮನೆಯಲ್ಲಿ ತೆರುವವರು ಅವರೇ. ಬೀದಿಗಿಳಿದು ಕೂಗಿದ ಹೊರತು ಅವರ ಮಾತು ಕಚೇರಿಯನ್ನು ಮುಟ್ಟದೆಂಬ ಸ್ಥಿತಿಯು ಪ್ರಜಾಪ್ರಭುತ್ವಕ್ಕೆ ಭೂಷಣವಲ್ಲ.

ಆದಕಾರಣ ನಮ್ಮ ಸೂಚನೆ ಇಷ್ಟೇ. ಬಯಲಿನಲ್ಲಿ ಮದ್ಯ ಒದಗಿಸುವ ಪ್ರತಿಯೊಂದು ಅರ್ಜಿಯನ್ನೂ ಗ್ರಾಮ ಪಂಚಾಯತಿಯ ಕಚೇರಿಯಲ್ಲಿ ಮುಂಚಿತವಾಗಿ ಜಾಹೀರುಪಡಿಸಲಿ. ತಕರಾರುಗಳನ್ನು ಬರಹದಲ್ಲಿ ಸ್ವೀಕರಿಸಿ, ತೀರ್ಮಾನಕ್ಕೆ ಕಾರಣಗಳನ್ನು ಕೊಡಲಿ. ಸನ್ನದಿನಲ್ಲಿ ಸ್ಥಳದ ಎಲ್ಲೆಯನ್ನೂ ಮುಚ್ಚುವ ವೇಳೆಯನ್ನೂ ಸ್ಪಷ್ಟವಾಗಿ ನಮೂದಿಸಲಿ. ಮೀರಿದವನಿಗೆ ಮತ್ತೊಮ್ಮೆ ಅಪ್ಪಣೆ ದೊರೆಯದಿರಲಿ. ಮದ್ಯಪಾನವನ್ನು ತಡೆಯಲು ಯತ್ನಿಸುವುದು ಸರಕಾರದ ಕರ್ತವ್ಯವೆಂದು ಸಂವಿಧಾನದ 47ನೆಯ ಅನುಚ್ಛೇದವು ಸಾರುತ್ತದೆ. ಅಷ್ಟನ್ನು ನಡೆಸಲಾಗದಿದ್ದರೂ, ಊರಿನ ಬಯಲನ್ನು ಒಬ್ಬನಿಗೆ ಬಿಟ್ಟುಕೊಡುವ ಮುನ್ನ ಊರನ್ನು ಒಂದು ಮಾತು ಕೇಳುವ ಸೌಜನ್ಯವನ್ನಾದರೂ ಅಧಿಕಾರಿಗಳು ತೋರಿಸುವರೆಂದು ಆಶಿಸುತ್ತೇವೆ.