ಗರ್ಭಿಣಿಯರ ಮಧುಮೇಹ: ದಾರಿಯಲ್ಲೇ ಕರಗುವ ಸಕ್ಕರೆ

ಆಸ್ಟ್ರೇಲಿಯಾದ ವಾಯವ್ಯ ತುದಿಯಲ್ಲಿರುವ ಕಿಂಬರ್ಲಿ ಪ್ರದೇಶ ನಮ್ಮ ಕರ್ನಾಟಕದ ಎರಡು ಪಟ್ಟಿಗಿಂತಲೂ ದೊಡ್ಡದು. ಜನಸಂಖ್ಯೆ ಮಾತ್ರ ನಮ್ಮ ಒಂದು ಸಾಧಾರಣ ತಾಲೂಕಿನಷ್ಟೂ ಇಲ್ಲ. ಅವರಲ್ಲಿ ದೊಡ್ಡ ಪಾಲು ಮೂಲನಿವಾಸಿಗಳು. ಇಲ್ಲಿನ ಗರ್ಭಿಣಿಯರಲ್ಲಿ ಮಧುಮೇಹದ ಅಪಾಯ ಹೆಚ್ಚು; ಆದರೆ ಅದು ಪತ್ತೆಯಾಗುವುದು ಕಡಿಮೆ. ಏಕೆ?

ಮೊದಲ ಕಾರಣ ಪರೀಕ್ಷೆಯೇ. ಗರ್ಭದ 24ರಿಂದ 28ನೇ ವಾರದಲ್ಲಿ ಹೊಟ್ಟೆ ಖಾಲಿ ಬಿಟ್ಟು ಬಂದು, 75 ಗ್ರಾಂ ಗ್ಲೂಕೋಸ್ ಕುಡಿದು, ಎರಡು ಗಂಟೆಯೊಳಗೆ ಮೂರು ಬಾರಿ ರಕ್ತ ಕೊಡಬೇಕು. ದೂರದ ಹಳ್ಳಿಯಿಂದ ಮಕ್ಕಳನ್ನು ಕಟ್ಟಿಕೊಂಡು ಬರುವ ತಾಯಿಗೆ ಇದು ಸುಲಭವಲ್ಲ.

ಎರಡನೆಯದು ಕಣ್ಣಿಗೆ ಕಾಣದ ಕಾರಣ. ತೆಗೆದ ರಕ್ತ ದೂರದ ಪ್ರಯೋಗಾಲಯಕ್ಕೆ ಹೋಗಬೇಕು. ದಾರಿಯಲ್ಲಿ ರಕ್ತಕಣಗಳು ನಳಿಕೆಯೊಳಗಿನ ಸಕ್ಕರೆಯನ್ನು ತಿನ್ನುತ್ತಲೇ ಇರುತ್ತವೆ. ಸಾಮಾನ್ಯ ಫ್ಲೋರೈಡ್ ನಳಿಕೆ ಇದನ್ನು ತಕ್ಷಣ ತಡೆಯುವುದಿಲ್ಲ. ಉಪವಾಸದ ಸಕ್ಕರೆ 92 ಇದ್ದರೆ ಮಧುಮೇಹ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ 2013ರ ಮಾನದಂಡ. 95 ಇದ್ದದ್ದು 90ಕ್ಕೆ ಇಳಿದರೆ ಆ ತಾಯಿಗೆ 'ರೋಗವಿಲ್ಲ' ಎಂಬ ಚೀಟಿ ಸಿಗುತ್ತದೆ. ಪಶ್ಚಿಮ ಆಸ್ಟ್ರೇಲಿಯಾದ ಗ್ರಾಮೀಣ ಭಾಗದಲ್ಲಿ ನಡೆದ 'ಆರ್ಕಿಡ್' ಅಧ್ಯಯನ ಈ ಲೋಪವನ್ನು ಬೆಳಕಿಗೆ ತಂದಿತು. ಪೇಟೆಯ ತಾಯಿಗೆ ಸರಿಯಾದ ಉತ್ತರ, ಹಳ್ಳಿಯ ತಾಯಿಗೆ ತಪ್ಪು ಉತ್ತರ! ಫಲವಾಗಿ ಮಗು ಅತಿಯಾಗಿ ಬೆಳೆದು ಹೆರಿಗೆ ಕಷ್ಟವಾಗಬಹುದು. ಹುಟ್ಟಿದೊಡನೆ ಮಗುವಿನ ಸಕ್ಕರೆ ಕುಸಿಯಬಹುದು.

ಪರಿಹಾರವೂ ಇದೆ. ಸಿಟ್ರೇಟ್ ಬೆರೆಸಿದ ನಳಿಕೆ ಸಕ್ಕರೆಯ ನಷ್ಟವನ್ನು ಬೇಗನೆ ತಡೆಯುತ್ತದೆ. ಅದಕ್ಕಿಂತ ಮುಖ್ಯವಾಗಿ, ಮೂಲನಿವಾಸಿಗಳೇ ನಡೆಸುವ ಆರೋಗ್ಯ ಕೇಂದ್ರಗಳು, ಅವರ ಭಾಷೆ ಬಲ್ಲ ಕಾರ್ಯಕರ್ತೆಯರು ಇದ್ದಲ್ಲಿ ತಾಯಂದಿರು ನಂಬಿಕೆಯಿಂದ ಬರುತ್ತಾರೆ.

ಭಾರತ ಬೇರೆ ದಾರಿ ಹಿಡಿದಿದೆ. ಕೇಂದ್ರ ಸರಕಾರದ 2014ರ ಮಾರ್ಗಸೂಚಿಯಂತೆ ಊಟ ಮಾಡಿದ್ದರೂ ಇಲ್ಲದಿದ್ದರೂ 75 ಗ್ರಾಂ ಗ್ಲೂಕೋಸ್ ಕೊಟ್ಟು, ಎರಡು ಗಂಟೆಯ ನಂತರ ಗ್ಲೂಕೋಮೀಟರಿನಲ್ಲಿ ಅಲ್ಲೇ ನೋಡಬಹುದು. 140 ಅಥವಾ ಹೆಚ್ಚು ಬಂದರೆ ಚಿಕಿತ್ಸೆ. ಈ ಪರೀಕ್ಷೆ ಅಷ್ಟು ಸೂಕ್ಷ್ಮವಲ್ಲ ಎನ್ನುವವರಿದ್ದಾರೆ. ಆದರೆ ರಕ್ತ ಪ್ರಯಾಣ ಮಾಡಬೇಕಾಗಿಲ್ಲ, ತಾಯಿ ಉಪವಾಸ ಇರಬೇಕಾಗಿಲ್ಲ. ಪತ್ತೆಯಾದರೆ ಹೆಚ್ಚಿನವರಿಗೆ ಆಹಾರ ನಿಯಮ, ನಡಿಗೆ ಸಾಕು. ಕೆಲವರಿಗೆ ಔಷಧ ಬೇಕು.

ಹೆರಿಗೆಯಾದ ಮೇಲೆ ಕತೆ ಮುಗಿಯುವುದಿಲ್ಲ. ಈ ತಾಯಂದಿರಿಗೆ ಮುಂದೆ ಖಾಯಂ ಮಧುಮೇಹ ಬರುವ ಸಂಭವ ಹೆಚ್ಚು. ಆರು ವಾರಗಳ ನಂತರ ಮತ್ತೆ ಪರೀಕ್ಷೆಯಾಗಬೇಕು; ಮಗುವಿನ ಆರೈಕೆಯ ಗಡಿಬಿಡಿಯಲ್ಲಿ ಬಿಟ್ಟುಹೋಗುವುದು ಇದೇ. ವಾಳೆಯ ಮನೆಗಳಿಗೆ ಹೋಗುವ ಗುರಿಕಾರರು, ಸ್ತ್ರೀ ಸಂಘಟನೆಯವರು ಗರ್ಭಿಣಿ, ಬಾಣಂತಿಯರಲ್ಲಿ "ಸಕ್ಕರೆ ಪರೀಕ್ಷೆ ಆಯಿತೇ?" ಎಂದು ಒಂದು ಮಾತು ಕೇಳಿದರೆ, ಅದು ಸಣ್ಣ ಸೇವೆಯಲ್ಲ.