ಪಶು ಆಸ್ಪತ್ರೆಗೆ ಬರುವ ದ್ರವ ಸಾರಜನಕ ಪ್ರಯೋಗಾಲಯಕ್ಕೆ ಯಾಕೆ ಬರಬಾರದು?

2025ರ ಫೆಬ್ರವರಿಯಲ್ಲಿ ಸಂಪುಟ ಉಪಸಮಿತಿ ಒಂಬತ್ತು ಹೊಸ ವಿಶ್ವವಿದ್ಯಾಲಯಗಳಿಗೆ ಬೀಗ ಹಾಕಲು ಹೊರಟಾಗ ಬೀದರ್ ವಿಶ್ವವಿದ್ಯಾಲಯ ಮಾತ್ರ ಉಳಿಯಿತು. ನಮ್ಮೂರಲ್ಲಿ ಸಮಾಧಾನದ ಉಸಿರು. ಆದರೆ ಉಳಿದದ್ದು ಯಾಕೆ? ಅದರ ಕೆಳಗೆ ಕಾಲೇಜುಗಳು ಹೆಚ್ಚಿವೆ ಎಂದು. ಅಲ್ಲಿ ಏನು ಸಂಶೋಧನೆ ಆಗಬೇಕು ಎಂದು ಯಾರೂ ಕೇಳಲಿಲ್ಲ. ಪರೀಕ್ಷೆ ನಡೆಸಿ ಅಂಕಪಟ್ಟಿ ಹಂಚುವ ಕಚೇರಿಯಾಗಿ ಉಳಿಯುವುದಕ್ಕೆ ನಾವು ಯಾಕೆ ಖುಷಿಪಡಬೇಕು?

ಅದೇ ವರ್ಷ ಬೆಂಗಳೂರಿನ ಹೆಸರಘಟ್ಟದಲ್ಲಿ ಕ್ವಾಂಟಮ್ ಸಿಟಿಗೆ 6.17 ಎಕರೆ ಸಿಕ್ಕಿತು. ಸಿಗಲಿ, ಬೇಡವೆನ್ನುವುದಿಲ್ಲ. ಬೀದರ್ ವಿಶ್ವವಿದ್ಯಾಲಯದ ಹಾಲಹಳ್ಳಿ ಕ್ಯಾಂಪಸ್ಸಿಗೆ ಅತಿಶೀತ ಪ್ರಯೋಗಾಲಯ ಕೇಳಿದರೆ ಮಾತ್ರ, "ಮೊದಲು ನೀರು, ರಸ್ತೆ ಆಗಲಿ ಬಿಡ್ರಿ" ಎಂಬ ಬುದ್ಧಿವಾದ. ನೀರಿಗೆ ಟ್ಯಾಂಕರ್ ಕಾಯುವ ಬೆಂಗಳೂರಿಗೆ ಈ ಮಾತನ್ನು ಯಾರೂ ಹೇಳುವುದಿಲ್ಲ.

ಆ ಪ್ರಯೋಗಾಲಯ ನಮಗೆ ಯಾಕೆ ಎನ್ನುವವರಿಗೆ ಒಂದು ಪ್ರಸಂಗ ಹೇಳುತ್ತೇನೆ. ಔರಾದ್ ಕಡೆಯ ಬಿ.ಎಸ್ಸಿ. ವಿದ್ಯಾರ್ಥಿನಿಯೊಬ್ಬಳಿಗೆ ಮ್ಯೂಆನ್ ಬಗ್ಗೆ ಹೇಳುತ್ತಿದ್ದೆ. ಹುಟ್ಟಿ ಸರಾಸರಿ 2.2 ಮೈಕ್ರೋಸೆಕೆಂಡಿಗೆ ಅಳಿಯುವ ಕಣ. ಹುಟ್ಟುವಾಗ ಎರಚಿದ ಜೋಳದ ಹಾಗೆ ಚೆಲ್ಲಾಪಿಲ್ಲಿ. ಮ್ಯೂಆನ್‌ಗಳನ್ನು ಡಿಕ್ಕಿ ಹೊಡೆಸುವ ಯಂತ್ರ ಕಟ್ಟಬೇಕೆಂದರೆ ಅಷ್ಟರೊಳಗೆ ಅವನ್ನು ತೆಳು ಎಳೆಯಾಗಿ ಕೂಡಿಸಬೇಕು. ದ್ರವ ಹೈಡ್ರೋಜನ್ನಿನಲ್ಲಿ ಹಾಯಿಸಿ ಎಲ್ಲ ದಿಕ್ಕಿನ ವೇಗವನ್ನೂ ತಗ್ಗಿಸಿ, ಮುಂದಕ್ಕೆ ಮಾತ್ರ ಮತ್ತೆ ದೂಡುವುದು: ಇದಕ್ಕೇ ಕಿರಣಪುಂಜ ತಂಪಾಗಿಸುವುದು ಎನ್ನುತ್ತಾರೆ. ಹೀಗೆ ಹಾಯಿಸಿದಾಗ ಚದುರುವಿಕೆ ಇಳಿಯುತ್ತದೆಂದು ಇಂಗ್ಲೆಂಡಿನ ಮೈಸ್ ಪ್ರಯೋಗ 2020ರಲ್ಲಿ ತೋರಿಸಿತು. ಈ ತಂಪಾಗಿಸುವಿಕೆಯ ಕೊನೆಯ ಹಂತಕ್ಕೆ 40 ಟೆಸ್ಲಾದಷ್ಟು ಪ್ರಬಲ ಸೂಪರ್‌ಕಂಡಕ್ಟಿಂಗ್ ಅಯಸ್ಕಾಂತ ಬೇಕು. ಆಸ್ಪತ್ರೆಯ ಎಂಆರ್‌ಐ ಯಂತ್ರದ್ದು ಸಾಮಾನ್ಯವಾಗಿ 1.5.

ಅವಳು ಹಾಲ್ ಟಿಕೆಟ್ಟಿನ ಹಿಂಬದಿಯಲ್ಲಿ ಲೆಕ್ಕ ಹಾಕಿದಳು. ಕಾಂತಕ್ಷೇತ್ರ ಇಮ್ಮಡಿಯಾದರೆ ಸುರುಳಿಯ ಮೇಲಿನ ಒತ್ತಡ ನಾಲ್ಮಡಿ. 40 ಟೆಸ್ಲಾಕ್ಕೆ ಬಂದ ಉತ್ತರ ಸುಮಾರು 6,300 ವಾತಾವರಣದ ಒತ್ತಡ. "ಸುರುಳಿ ತಾನೇ ಒಡೆದು ಹೋಗ್ತದಲ್ರಿ!" ಅಂದಳು. ಹೌದು, ಈ ವಿನ್ಯಾಸದ ದೊಡ್ಡ ತಲೆನೋವೇ ಅದು. ಅಲ್ಲಿಗೆ ಅವಳು ತಲುಪಿದ್ದು ಒಂದು ಪೆನ್ನಿನಿಂದ.

ಮುಂದಿನ ಹೆಜ್ಜೆಗೂ ಕೋಟಿಗಟ್ಟಲೆ ಬೇಕಿಲ್ಲ. ಇಂಥ ಅಯಸ್ಕಾಂತಕ್ಕೆ ಸುತ್ತುವುದು 0.1 ಮಿಲಿಮೀಟರ್ ದಪ್ಪದ ಲೋಹದ ಪಟ್ಟಿ. ಅದರೊಳಗೆ ಸೂಪರ್‌ಕಂಡಕ್ಟರ್ ಪದರ ಒಂದೆರಡು ಮೈಕ್ರಾನ್. ಯಂತ್ರ ಓಡಿಸಲು ದ್ರವ ಹೀಲಿಯಂನ ಚಳಿ ಬೇಕು, ನಿಜ. ಪಟ್ಟಿ ಎಷ್ಟು ವಿದ್ಯುತ್ ತಾಳುತ್ತದೆಂದು ಮೊದಲು ಪರೀಕ್ಷಿಸಲು ಮೈನಸ್ 196 ಡಿಗ್ರಿಯ ದ್ರವ ಸಾರಜನಕ ಸಾಕು. ಅದು ನಮಗೆ ಹೊಸದೇ? ದೇವಣಿ ಹೋರಿಯ ವೀರ್ಯದ ಕಡ್ಡಿ ಕೆಡದಂತೆ ಪಶು ಆಸ್ಪತ್ರೆಗಳಲ್ಲಿ ಇಡುವ ಕ್ಯಾನಿನಲ್ಲಿರುವುದು ಅದೇ. ಮುಚ್ಚಳ ತೆಗೆದರೆ ಬಿಳಿ ಹೊಗೆ ನೆಲಕ್ಕಿಳಿಯುವುದನ್ನು ದನ ಹೊಡೆದುಕೊಂಡು ಹೋದ ಮಕ್ಕಳೆಲ್ಲ ನೋಡಿದ್ದಾರೆ. ರಾಜ್ಯದ ಪಶುವೈದ್ಯಕೀಯ ವಿಶ್ವವಿದ್ಯಾಲಯ ಇರುವುದೇ ಬೀದರಿನಲ್ಲಿ.

ಕಲ್ಯಾಣ ಕರ್ನಾಟಕ ಮಂಡಳಿಗೆ ಬಜೆಟ್ಟಿನಲ್ಲಿ 5,000 ಕೋಟಿ ಘೋಷಿಸುವವರಿಗೆ ನಾನು ಕೇಳುವುದು ಇಷ್ಟು: ಹಾಲಹಳ್ಳಿಯಲ್ಲಿ ಒಂದು ಕೊಠಡಿ, ಆ ಪಟ್ಟಿಯ ಒಂದು ಸುರುಳಿ, ವಿದ್ಯುತ್ ಮೂಲ, ಒತ್ತಡ ಲೆಕ್ಕ ಹಾಕುವ ಕಂಪ್ಯೂಟರ್‌ಗಳು. ಎಲ್ಲಕ್ಕಿಂತ ಮೊದಲು ಕಾಯಂ ಅಧ್ಯಾಪಕರು. ವರ್ಷ ವರ್ಷ ನೇಮಕಾತಿ ಆದೇಶ ಕಾಯುವ ಅತಿಥಿ ಉಪನ್ಯಾಸಕರ ಹೆಗಲಿಗೆ ಇದನ್ನೂ ಹೇರಬಾರದು. ಇಂಥದ್ದು ನಮ್ಮ ಕಡೆ ಆಗದು ಎನ್ನುವವರು ಪಕ್ಕಕ್ಕೆ ನೋಡಲಿ. ಔರಾದಿನ ಗಡಿ ದಾಟಿದರೆ ನಾಂದೇಡ್ ಜಿಲ್ಲೆ, ಅದರಾಚೆ ಹಿಂಗೋಲಿ. 2023ರಲ್ಲಿ ಕೇಂದ್ರ 2,600 ಕೋಟಿಯ ಗುರುತ್ವ ಅಲೆಗಳ ವೀಕ್ಷಣಾಲಯ ಲಿಗೊ-ಇಂಡಿಯಾಕ್ಕೆ ಒಪ್ಪಿಗೆ ಕೊಟ್ಟದ್ದು ಅಲ್ಲಿಗೆ. ಮರಾಠವಾಡದ ಬಯಲಿಗೆ ಒಗ್ಗುವ ವಿಜ್ಞಾನ ನಮ್ಮ ಕೆಂಪು ಮಣ್ಣಿಗೆ ಒಗ್ಗದೇ?

"ಇದನ್ನ ಎಲ್ಲಿ ಕಲಿಸ್ತಾರ್ರಿ?" ಎಂದು ಅವಳು ಕೇಳಿದಾಗ ಇಂದೋರ್, ಕೋಲ್ಕತ್ತಾ, ದೆಹಲಿ ಎಂದೆ. ಹಾಲ್ ಟಿಕೆಟ್ ಮಡಚಿ ಪುಸ್ತಕದೊಳಗಿಟ್ಟುಕೊಂಡು, ಔರಾದ್ ಬಸ್ಸು ಎಷ್ಟೊತ್ತಿಗೆ ಎಂದು ವಿಚಾರಿಸಿದಳು.